ಪಾರ್ವತವ್ವನ ಇಳಕಲ್ ಸೀರೆ

‘ಪಿಕ್ಚರ್ ಚಲೋ ಆಗೇತ್ರಿ. ಆದ್ರ ಆ ಮುದುಕಿ ಸೀರಿ ಬದಲಿ ಮಾಡಸ್ರಿ.’

ಕಳೆದ ಗುರುವಾರ ಬೆಳಗಾವಿಯಲ್ಲಿ ನನಗೆ ದೊರೆತ ಈ ಅಪ್ಪಣೆಯನ್ನು ಅಕ್ಷರ ಬಿಡದೆ ಬರೆದಿಟ್ಟುಕೊಂಡಿದ್ದೇನೆ. ಕೊಟ್ಟವರು ಮಕ್ಕಳ ಸಾಕ್ಷ್ಯಚಿತ್ರ ಪ್ರದರ್ಶನದ ಸಂಚಾಲಕರು. (ಆರು ವರ್ಷಗಳ ಹಿಂದೆ ನನ್ನ ಭಾಷಣದ ನಾಲ್ಕನೆಯ ನಿಮಿಷಕ್ಕೆ ‘ಮುಗಿಸಿರಿ’ ಎಂಬ ಚೀಟಿ ಕಳಿಸಿದವರೂ ಇವರೇ. ಚೀಟಿ ಭದ್ರವಾಗಿದೆ.)

ಕಳೆದ ಮಳೆಗಾಲದಲ್ಲಿ ಖಾನಾಪುರದ ಕುಂಬಾರ ಓಣಿಗೆ ಹೊಳೆ ನುಗ್ಗಿತು. ಮನೆಗಳು ಕುಸಿದವು, ಮಡಕೆ ಸುಡುವ ಆವಿಗೆಗಳು ಕರಗಿದವು. ಆಮೇಲೆ ಆ ಜನ ಬದುಕಿದ್ದು ಹೇಗೆ? ಅದನ್ನು ಚಿತ್ರೀಕರಿಸಲು ನಮ್ಮ ಶಾಲೆಯ ಐವರು ಮಕ್ಕಳು ಎರವಲು ಹ್ಯಾಂಡಿಕ್ಯಾಮ್ ಹಿಡಿದು ಹೊರಟರು. ಶಿಕ್ಷಕಿಯಾಗಿ ನಿವೃತ್ತಳಾದರೂ ಶಾಲೆಯ ನಂಟು ಬಿಡದ ನಾನು ಜೊತೆಗೆ ಹೋದೆ.

ಪಾರ್ವತವ್ವ ಹೊಸ ಆವಿಗೆ ಕಟ್ಟುತ್ತಿದ್ದಳು. ಕ್ಯಾಮೆರಾ ಕಂಡದ್ದೇ ‘ತಡೀರಿ’ ಎಂದು ತಗಡಿನ ಶೆಡ್ಡಿನೊಳಗೆ ಹೋದವಳು ಇಳಕಲ್ ಸೀರೆ ಉಟ್ಟು, ಕುಂಕುಮ ತೀಡಿಕೊಂಡು ಬಂದಳು. ಆವಿಗೆಯ ಮುಂದೆ ನೆಟ್ಟಗೆ ನಿಂತು ಮಾತನಾಡಿದಳು. ಫೋಟೋ ಎಂದರೆ ನಾವು ನೀವು ಮಾಡುವುದೂ ಇದನ್ನೇ ಅಲ್ಲವೇ?

ಸಂಚಾಲಕರಿಗೆ ಅದನ್ನೇ ಸಹಿಸಲಾಗಲಿಲ್ಲ.

‘ನೆರಿ ಬಂದ ಮಂದಿ ಹಿಂಗ ಇರ್ತಾರೇನ್ರೀ ಅಕ್ಕೋರ? ಹರಕ ಸೀರಿ ಉಡಿಸಿ, ಬಿದ್ದ ಗ್ವಾಡಿ ಮುಂದ ಕುಂದ್ರಿಸಿ ತಕ್ಕೊಂಡ ಬರ್ರಿ. ಒಂದೀಟ ಅತ್ರ ಇನ್ನೂ ಚಲೋ.’

ತಪ್ಪಿದರೆ ಭಾನುವಾರದ ಪ್ರದರ್ಶನದಲ್ಲಿ ಚಿತ್ರಕ್ಕೆ ಜಾಗವಿಲ್ಲ. ಮಕ್ಕಳ ಮೂರು ತಿಂಗಳ ದುಡಿಮೆ!

ಮರುದಿನ ಖಾನಾಪುರಕ್ಕೆ ಹೋದೆವು. ಎಂಟನೆಯ ತರಗತಿಯ ಸಾವಿತ್ರಿ, ಚಿತ್ರದ ನಿರ್ದೇಶಕಿ, ತಲೆ ತಗ್ಗಿಸಿ ವಿಷಯ ಹೇಳಿದಳು. ಪಾರ್ವತವ್ವ ನಕ್ಕಳು.

‘ಹರಕ ಸೀರಿ ಎಲ್ಲಿಂದ ತರ್ಲವ್ವಾ? ಅವನ್ನೆಲ್ಲಾ ಹೊಳಿ ಒಯ್ತು. ಟ್ರಂಕಿನ್ಯಾಗ ಇತ್ತಂತ ಇದೊಂದ ಉಳೀತು.’ ಶೆಡ್ಡಿನಿಂದ ಇಳಕಲ್ ಸೀರೆ ತಂದು ಹರವಿ, ನೆರಿಗೆಯೊಳಗೆ ಅಡಗಿದ್ದ ಕೆಸರಿನ ಕಲೆ ತೋರಿಸಿದಳು. ‘ಏಳು ಸಲ ಒಗದೇನಿ, ಹೋಗವಲ್ದು. ದಿನಾ ಉಡೂದು ಮಂದಿ ಕೊಟ್ಟ ಸೀರಿ. ಅದನ್ನ ಉಟ್ಟು ಫೋಟೋ ತಗಸ್ಕೋಬೇಕೇನು?’

ಮಕ್ಕಳ ಮುಖ ನೋಡಿ ಆಕೆಯೇ ಮೆತ್ತಗಾದಳು. ‘ನಿಮ್ಮ ಪಿಕ್ಚರ್ ಕೆಡೂದ ಬ್ಯಾಡ. ಬಾಜೂ ಮನಿಯಾಕಿ ಕಡೆ ಹರಕ ಸೀರಿ ಇಸ್ಕೊಂಡ ಉಡ್ತೀನಿ, ತಗೋರಿ.’

‘ಬ್ಯಾಡ ಆಯಿ’ ಎಂದಳು ಸಾವಿತ್ರಿ. ಹ್ಯಾಂಡಿಕ್ಯಾಮನ್ನು ಚೀಲದಿಂದ ಹೊರತೆಗೆಯಲೂ ಇಲ್ಲ.

ಶನಿವಾರ ಅವಳೇ ಸಂಚಾಲಕರ ಮುಂದೆ ನಿಂತಳು. ‘ಸರ್, ಆಕೀ ಕಡೆ ಹರಕ ಸೀರಿ ಇಲ್ರಿ. ನಿಮ್ಮನ್ಯಾಗ ಇದ್ರ ಕೊಡ್ರಿ, ಉಡಿಸಿ ತರ್ತೀವಿ.’

ಅವರ ಕಿವಿ ಕೆಂಪಾದವು. ‘ಏನ್ರೀ ಅಕ್ಕೋರ, ಹುಡುಗ್ಯಾರಿಗೆ ಇದನ್ನ ಕಲಿಸೀರೇನು?’

‘ಹೌದ್ರಿ, ಇದನ್ನ ಕಲಿಸೇನಿ. ಬೇಕಾದ್ರ ಚೀಟಿಯೊಳಗ ಬರದು ಕೊಡ್ತೀನಿ.’

ಚಿತ್ರ ಪಟ್ಟಿಯಿಂದ ಹೊರಬಿತ್ತು. ಭಾನುವಾರ ಬೆಳಗಾವಿಯ ಪ್ರದರ್ಶನದ ಹೊತ್ತಿಗೇ ಮಕ್ಕಳು ಅದನ್ನು ಕುಂಬಾರ ಓಣಿಯಲ್ಲಿ, ಬಾಡಿಗೆ ಟೀವಿಯಲ್ಲಿ ತೋರಿಸಿದರು. ಓಣಿಗೆ ಓಣಿಯೇ ನೆರೆದಿತ್ತು. ಪಾರ್ವತವ್ವ ತನ್ನನ್ನು ತಾನು ಎರಡು ಸಲ ನೋಡಿದಳು. ಪಕ್ಕದ ಮನೆಯವಳು, ‘ಮದಲಗಿತ್ತಿ ಕಂಡಂಗ ಕಾಣ್ತಿ ನೋಡವಾ!’ ಎಂದು ತಿವಿದಳು.

ಈಗ ಬೆಳಗಾವಿಯ ಪ್ರದರ್ಶನದ ಆಮಂತ್ರಣ ಪತ್ರಿಕೆ ನನ್ನ ಮುಂದಿದೆ. ಅದರಲ್ಲಿ ಸಂಚಾಲಕರ ಭಾವಚಿತ್ರ. ಇಸ್ತ್ರಿ ಮಾಡಿದ ಕೋಟು, ಟೈ, ಒಪ್ಪವಾಗಿ ಬಾಚಿದ ಕೂದಲು.

ಮಹನೀಯರೇ, ಫೋಟೋಕ್ಕೆ ನಿಲ್ಲುವ ದಿನ ನೀವು ಹರಿದ ಕೋಟು ಹುಡುಕಿದ್ದಿರೇನು?