ತವರಿನ ಹಸುವಿಗೊಂದು ಕಟಕಟೆ

ತೊಂಬತ್ತರ ದಶಕದ ಕೊನೆಯ ಮಾತು. ನನ್ನ ಮದುವೆಯಾದ ಮರುವರ್ಷ ಅಪ್ಪ ಹೊಸಕೋಟೆ ಕಡೆಯಿಂದ ಒಂದು ಕೆಂದ ಹಸುವನ್ನು ಟೆಂಪೋದಲ್ಲಿ ಹೇರಿಕೊಂಡು ಬಂದು, ಕೆ.ಆರ್.ಪುರದ ನಮ್ಮ ಮನೆ ಮುಂದೆ ಇಳಿಸಿದರು. ಮಗಳಿಗೆ ಹಾಲು ಮೊಸರಿಗೆ ಕೊರತೆಯಾಗಬಾರದು ಎಂಬ ಆಸೆ ಅವರದು. ಕೊರತೆಯೇನೂ ಇರಲಿಲ್ಲ, ಮಾವನವರ ಕೊಟ್ಟಿಗೆಯಲ್ಲಿ ಆಗಲೇ ಎರಡು ಸೀಮೆಹಸುಗಳಿದ್ದವು. ಆದರೂ ತವರಿನದು ಎಂದರೆ ತವರಿನದೇ. ಬೆಳಗ್ಗೆ ಎದ್ದು ಅದರ ಗಂಗೆದೊಗಲು ತುರಿಸಿದರೆ ನನಗೆ ಊರಿಗೆ ಹೋಗಿ ಬಂದಷ್ಟು ಹಿತವಾಗುತ್ತಿತ್ತು.

ಮಾವನವರಿಗೆ ಅದು "ನಿಮ್ಮಪ್ಪನ ಹಸು". ಹಾಲು ಜಾಸ್ತಿ ಕೊಟ್ಟ ದಿನ ಸುಮ್ಮನಿರುತ್ತಿದ್ದರು. ಒದ್ದ ದಿನ ಮಾತ್ರ, "ನೋಡಮ್ಮ, ನಿಮ್ಮಪ್ಪನ ಹಸು ಬುದ್ಧಿ" ಎನ್ನುತ್ತಿದ್ದರು. ನನಗೂ ಮೂಗಿನ ತುದಿಯಲ್ಲೇ ಕೋಪ. "ನಮ್ಮಪ್ಪ ಒದೆಯೋದು ಕಲಿಸಿ ಕಳಿಸಿಲ್ಲ ಮಾವ" ಎಂದುಬಿಡುತ್ತಿದ್ದೆ. ತಡೆಯಲು ಅತ್ತೆ ಇರಲಿಲ್ಲ, ನಾನು ಸೊಸೆಯಾಗಿ ಬರುವ ಮೊದಲೇ ತೀರಿಕೊಂಡಿದ್ದರು. ಗಂಡನೋ, ಹಾಲಿನ ಕ್ಯಾನು ಕಟ್ಟಿಕೊಂಡು ಇಂದಿರಾನಗರಕ್ಕೆ ಹೊರಟರೆ ನಮ್ಮಿಬ್ಬರ ಜಗಳದಿಂದ ಪಾರಾದೆ ಎಂದುಕೊಳ್ಳುವ ಮನುಷ್ಯ.

ಆ ವರ್ಷ ಕಾಲುಬಾಯಿ ಜ್ವರದ ಲಸಿಕೆ ಹಾಕಲು ಪಶು ಆಸ್ಪತ್ರೆಯ ಡಾಕ್ಟರು ಬಂದರು. ಸೀಮೆಹಸುಗಳು ಸೂಜಿ ಚುಚ್ಚಿಸಿಕೊಂಡು ಮೆಲುಕು ಹಾಕುತ್ತಾ ನಿಂತವು. ನನ್ನ ಕೆಂದ ಹಸು ಹಗ್ಗ ಹಿಡಿದಿದ್ದ ಮಾವನವರನ್ನು ಸಗಣಿ ಗುಂಡಿಯವರೆಗೂ ಎಳೆದುಕೊಂಡು ಹೋಗಿ, ಹಿಂದೆ ಬಂದ ಡಾಕ್ಟರ ಮೊಣಕಾಲಿಗೆ ಒದೆಯಿತು. ಡಾಕ್ಟರು ಕುಂಟುತ್ತಾ ಹೇಳಿದರು: "ಹಸು ಅಲ್ಲಾಡದ ಹಾಗೆ ಒಳಗೆ ನಿಲ್ಲಿಸೋಕೆ ಕಬ್ಬಿಣದ್ದೊಂದು ಕಟಕಟೆ ಮಾಡ್ಸಿ ಯಜಮಾನ್ರೇ. ಇಲ್ದಿದ್ರೆ ಇದರ ಹತ್ರ ನಾನು ಬರಲ್ಲ. ಮುಂದಿನ ತಿಂಗಳು ಇನ್ನೊಂದ್ಸಲ ನೋಡ್ತೀನಿ, ಅಷ್ಟೇ."

ಅವರು ಹೋದ ಮೇಲೆ ಮಾವನವರು ಪಂಚೆಯ ಸಗಣಿ ಒರೆಸಿಕೊಳ್ಳುತ್ತಾ ತೀರ್ಪು ಕೊಟ್ಟರು. "ಕಟಕಟೆ ಮಾಡ್ಸೋಣ. ಅದರಲ್ಲೂ ನಿಲ್ಲದಿದ್ರೆ ಸಂತೆಗೆ ಹೊಡಿಯೋದೇ."

ನನಗೆ ಊಟ ಸೇರಲಿಲ್ಲ. ಹಸು ಮಾರಿದರು ಎಂದು ಅಪ್ಪನಿಗೆ ಯಾವ ಬಾಯಿಂದ ಹೇಳುವುದು? ಅದಕ್ಕಿಂತ ಹೆಚ್ಚಾಗಿ, ಆ ಮನೆಯಲ್ಲಿ ನನ್ನದು ಎಂದು ಇದ್ದದ್ದು ಅದೊಂದೇ.

ಹೊಸ ಅಗಸ ಗೋಣಿ ಎತ್ತೆತ್ತಿ ಒಗೆದ ಎನ್ನುವ ಹಾಗೆ ನಾನೇ ಮುಂದೆ ನಿಂತೆ. ಗಂಡನನ್ನು ಹೊರಡಿಸಿಕೊಂಡು ಶಿವಾಜಿನಗರದ ಗುಜರಿಗೆ ಹೋದೆ. ಕಾಕ್ಸ್‌ಟೌನಿನ ಯಾವುದೋ ಹಳೆ ಬಂಗಲೆ ಕೆಡವಿದ ಪೈಪುಗಳು, ಒಂದು ಕಬ್ಬಿಣದ ಗೇಟು ಸಿಕ್ಕವು. "ತಗೊಳಿ ಅಮ್ಮಾ, ಆನೆ ಗುದ್ದಿದ್ರೂ ಏನೂ ಆಗಲ್ಲ" ಎಂದ ಅಂಗಡಿಯವನು. ಗೇಟಿನ ಮೇಲೆ, ನಾಯಿ ಇದೆ ಎಚ್ಚರಿಕೆ ಎಂದು ಇಂಗ್ಲಿಷಿನಲ್ಲಿ ಬರೆದ ತಗಡು ಹಾಗೇ ಇತ್ತು. ನಾನು ಅದನ್ನು ಕೀಳಿಸಲಿಲ್ಲ. ಡಾಕ್ಟರಿಗೆ ಒಳ್ಳೆಯ ಸೂಚನೆಯೇ ಎನ್ನಿಸಿತು.

ದನ ಮನೆ ಕಡೆ ಮುಖ ಮಾಡಿದರೆ ಸಲೀಸಾಗಿ ನಡೆಯುತ್ತದೆ ಎಂದು ಡಾಕ್ಟರು ಹೇಳಿದ್ದರು. ಹಾಗಾಗಿ ರಸ್ತೆಯ ಕಡೆಯಿಂದ ಕೊಟ್ಟಿಗೆಯವರೆಗೆ ಪೈಪು ನೆಟ್ಟು ಒಂದು ಓಣಿ ಮಾಡಿಸಿದೆವು. ಹಸು ಹಿಂದಕ್ಕೆ ತಿರುಗಲಾರದಷ್ಟು ಇಕ್ಕಟ್ಟು. ಓಣಿಯ ಕೊನೆಯಲ್ಲಿ ಕಟಕಟೆ, ಅದಕ್ಕೆ ಬಂಗಲೆಯ ಗೇಟು. ಗೊರಸು ಜಾರದಿರಲಿ ಎಂದು ಹಸಿ ಸಿಮೆಂಟಿನ ಮೇಲೆ ಕಡ್ಡಿಪೊರಕೆಯಿಂದ ಗೆರೆ ಎಳೆದವಳು ನಾನೇ. ಬೆಸುಗೆಯ ಕಿಡಿ ನೋಡಲು ಬೀದಿಗೆ ಬೀದಿಯೇ ಸೇರಿತ್ತು.

ಅಷ್ಟು ಜನ ನೋಡಿದ ಮೇಲೆ ಕಣ್ಣು ಬೀಳದೆ ಇರುತ್ತದೆಯೇ? ಮಾವನವರು ಪೂಜೆ ಮಾಡಿ, ನಿಂಬೆಹಣ್ಣು ಹೊಸಕಿ, ಓಣಿಯ ಬಾಯಿಯ ಮೇಲಿನ ಅಡ್ಡಪೈಪಿಗೆ, ರಸ್ತೆಗೆ ಮುಖವಾಗಿ, ಒಂದು ದೃಷ್ಟಿಬೊಂಬೆ ಕಟ್ಟಿದರು. ಕೋರೆಹಲ್ಲು, ಗಿರಿಜಾಮೀಸೆ, ಎದೆಯವರೆಗೆ ನಾಲಿಗೆ. ಹೊಸ ಮನೆಗಳ ಮುಂದೆ ನೇತಾಡುತ್ತದಲ್ಲ, ಅದೇ.

ಮರುದಿನದಿಂದ ಅಭ್ಯಾಸ ಶುರು. ಸೀಮೆಹಸುಗಳು ನೆಲದ ಮೇಲಿಟ್ಟ ಬೂಸಾ ಬಕೆಟ್ಟಿನ ಹಿಂದೆ ತಲೆ ಬಗ್ಗಿಸಿಕೊಂಡು ಒಳಗೆ ಹೋದವು. ನನ್ನ ಹಸು ಮಾತ್ರ ಮೂರು ಹೆಜ್ಜೆ ಬಂದು, ತಲೆ ಎತ್ತಿ, ಬುಸ್ ಎಂದು ಹಿಂದೆ ಸರಿಯಿತು. ಬೆಲ್ಲ ತೋರಿಸಿದೆ, ಬೇಡಿಕೊಂಡೆ, ಬೈದೆ. ವಾರವಾದರೂ ಅದೇ ಕಥೆ.

"ಓಣೀಲಿ ಏನೋ ತಪ್ಪಿದೆ ಮಾವ" ಎಂದೆ.

"ಕುಣೀಲಾರ್ದೋಳು ನೆಲ ಡೊಂಕು ಅಂದ್ಲಂತೆ" ಎಂದರು.

ಸಿಟ್ಟು ನೆತ್ತಿಗೇರಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಸುವಿನಷ್ಟೇ ಎತ್ತರಕ್ಕೆ ಬಗ್ಗಿ, ರಸ್ತೆಯ ಕಡೆಯಿಂದ ಓಣಿಗೆ ನಡೆದೆ. ಮೂರನೇ ಹೆಜ್ಜೆಗೆ ತಲೆ ಎತ್ತಿದರೆ, ಕಣ್ಣಿಗೆ ಕಣ್ಣು ಕೊಟ್ಟು ರಾಕ್ಷಸ! ಗಾಳಿಗೆ ನಾಲಿಗೆ ಬೇರೆ ಅಲ್ಲಾಡುತ್ತಿತ್ತು. ದಿನಾ ನೋಡಿ ನೋಡಿ ಅದು ಅಲ್ಲಿರುವುದೇ ನಮಗೆ ಮರೆತುಹೋಗಿತ್ತು.

ಕಟ್ಟಿದ್ದು ಮಾವನವರು. ಬಿಚ್ಚುವ ಧೈರ್ಯ ನನಗೂ ಇರಲಿಲ್ಲ. "ಮಾವ, ಒಂದೇ ಒಂದ್ಸಲ ನೀವೂ ಹಸು ಥರ ಬಗ್ಗಿ ಬನ್ನಿ" ಎಂದೆ.

"ತಲೆ ಕೆಟ್ಟಿದ್ಯೇನಮ್ಮ? ಬೀದೀಲಿ ಜನ ಇದಾರೆ."

"ನಾನೂ ಬಗ್ಗಿದ್ದೆ ಮಾವ, ಜನ ನೋಡಿದ್ರು."

ನನ್ನ ಕಣ್ಣಲ್ಲಿ ನೀರು ಬಂದಿತ್ತು. ಅದನ್ನು ನೋಡಿಯೋ ಏನೋ, ಪಂಚೆ ಎತ್ತಿ ಕಟ್ಟಿ, ಸೊಂಟ ಹಿಡಿದುಕೊಂಡು ಬಗ್ಗಿದರು. ಒಂದು ಹೆಜ್ಜೆ, ಎರಡು ಹೆಜ್ಜೆ. ಮೂರನೆಯದಕ್ಕೆ ತಲೆ ಎತ್ತಿದವರು ಥೇಟ್ ಹಸುವಿನಂತೆಯೇ ಹಿಂದೆ ಸರಿದರು.

"ಥೂ, ಇವನ ಮೂತಿಗಿಷ್ಟು!"

ನಾನು ಪೈಪು ಹಿಡಿದುಕೊಂಡು ನಕ್ಕೆ. ಅವರಿಗೂ ನಗು ತಡೆಯಲಾಗಲಿಲ್ಲ. ಮಾವನವರು ಬಾಯಿ ತುಂಬಾ ನಕ್ಕಿದ್ದನ್ನು ನಾನು ಕಂಡದ್ದು ಅವತ್ತೇ ಮೊದಲು. ಆಮೇಲೆ ಕುರ್ಚಿ ಹಾಕಿಕೊಂಡು, ತಾವೇ ಬೊಂಬೆ ಬಿಚ್ಚಿ, "ತಪ್ಪಾಯ್ತಪ್ಪ" ಎಂದು ಅದಕ್ಕೂ ಕೈ ಮುಗಿದು, ಮಾಳಿಗೆಯ ಗೋಡೆಗೆ ಕಟ್ಟಿ ಬಂದರು.

ಡಾಕ್ಟರು ಬಂದ ದಿನ ನಾನು ಬೂಸಾ ಬಕೆಟ್ಟು ಹಿಡಿದು ಕಟಕಟೆಯ ಪಕ್ಕ ನಿಂತೆ. ಹಸು ಓಣಿಯ ಬಾಯಲ್ಲಿ ತಲೆ ಎತ್ತಿ ಒಮ್ಮೆ ಮೇಲೆ ನೋಡಿತು. ಅಲ್ಲಿ ಬರೀ ಆಕಾಶ. ಸಿಮೆಂಟಿನ ಗೆರೆಗಳ ಮೇಲೆ ಟಕ್ ಟಕ್ ಎಂದು ನಡೆದುಹೋಗಿ ಕಟಕಟೆಯಲ್ಲಿ ನಿಂತಿತು. ಗೇಟು ಹಾಕಿದೆವು. ಸೂಜಿ ಚುಚ್ಚಿದಾಗ ಚರ್ಮ ಒಮ್ಮೆ ಅದುರಿತು, ಅಷ್ಟೇ.

"ಅದೇ ಹಸುನಾ ಇದು?" ಎಂದು ಡಾಕ್ಟರು ಮೊಣಕಾಲು ಸವರಿಕೊಂಡರು. "ಎಲ್ಲಿಂದ ತಂದ್ರಿ ಯಜಮಾನ್ರೇ ಇದನ್ನ?"

ಮಾವನವರು ಹಸುವಿನ ಬೆನ್ನ ಮೇಲೆ ಕೈಯಿಟ್ಟುಕೊಂಡಿದ್ದರು. ನನ್ನ ಕಡೆ ನೋಡಲಿಲ್ಲ.

"ತರೋದೇನು ಸ್ವಾಮಿ, ನಮ್ಮನೇಲೇ ಹುಟ್ಟಿದ್ದು."

ಹಸಿ ಸುಳ್ಳು. ಟೆಂಪೋದಿಂದ ಅದನ್ನು ಇಳಿಸುವಾಗ ಹಗ್ಗ ಹಿಡಿದಿದ್ದವರೇ ಅವರು. ಬೂಸಾ ಬಕೆಟ್ಟು ಹಿಡಿದು ಪಕ್ಕದಲ್ಲೇ ನಿಂತಿದ್ದ ನಾನು, ಆ ಮನೆಗೆ ಬಂದ ಮೇಲೆ ಮೊದಲ ಸಲ, ಎದುರುತ್ತರ ಕೊಡಲಿಲ್ಲ.