ನಾಕಾದಲ್ಲಿ ತುಂಬಿದ ಉಡಿ

ಅನಾನಸು ಹಣ್ಣಿನೊಳಗೆ ಕಬ್ಬಿಣದ ಸಲಾಕೆ ಇಳಿಯುವಾಗ ದೊಡ್ಡ ಸದ್ದೇನೂ ಆಗುವುದಿಲ್ಲ. ಆದರೂ ಆ ಸದ್ದು ನನಗೆ ಇನ್ನೂ ಮರೆತಿಲ್ಲ.

ಶಿರಸಿಯಿಂದ ಬನವಾಸಿಗೆ ಹೋಗುವ ರಸ್ತೆಗೆ ಹತ್ತಿಕೊಂಡ ಊರು ನಮ್ಮದು. ಆರನೇ ಇಯತ್ತೆಗೆ ನಾನು ಶಾಲೆ ಬಿಟ್ಟೆ. ಮೊದಲು ಎತ್ತಿನ ಗಾಡಿ ಹೊಡೆದೆ, ಆಮೇಲೆ ಬೇರೆಯವರ ಲಾರಿ, ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ನನ್ನದೇ ಒಂದು ಟೆಂಪೋ. ಸುತ್ತಲಿನ ಹೊಲಗಳ ಅನಾನಸು ಹೇರಿಕೊಂಡು ಶಿರಸಿ, ಯಲ್ಲಾಪುರ ದಾಟಿ, ಘಟ್ಟ ಇಳಿದು ಗೋವಾದ ಪೇಟೆಗೆ ಮುಟ್ಟಿಸುವುದು ನನ್ನ ಕೆಲಸ. ಕೆಳಗೆ ಭತ್ತದ ಹುಲ್ಲು ಹಾಸಿ, ಒಂದು ಹಣ್ಣಿನ ಜುಟ್ಟು ಇನ್ನೊಂದಕ್ಕೆ ಚುಚ್ಚದ ಹಾಗೆ ಸಾಲು ಹಿಡಿದು ಜೋಡಿಸಬೇಕು. ಅದನ್ನು ನಾನು ಯಾರ ಕೈಗೂ ಕೊಡುತ್ತಿರಲಿಲ್ಲ.

ಗಡಿಯಲ್ಲಿ ಅರಣ್ಯ ಇಲಾಖೆಯ ಒಂದು ತಪಾಸಣೆ ನಾಕಾ ಇತ್ತು. ಹಣ್ಣು ತರಕಾರಿಯ ಅಡಿಯಲ್ಲಿ ಸಾಗವಾನಿ, ಬೆತ್ತ ಸಾಗಿಸುವವರು ಇದ್ದರಲ್ಲ, ಅವರ ಸಲುವಾಗಿ ಎಲ್ಲರ ಗಾಡಿಯನ್ನೂ ತಪಾಸಣೆ ಮಾಡುತ್ತಿದ್ದರು. ಸರದಿ ಬರುವ ತನಕ ಬಿಸಿಲಲ್ಲಿ ನಿಲ್ಲಬೇಕು. ಸರದಿ ಬಂದಾಗ ಗಾರ್ಡು ಮೇಲೆ ಹತ್ತಿ ಉದ್ದನೆಯ ಸಲಾಕೆ ಇಳಿಸುತ್ತಿದ್ದ. ಅಡಿಯಲ್ಲಿ ಕಟ್ಟಿಗೆ ಇದ್ದರೆ ಟಣ್ ಅನ್ನಬೇಕು. ನನ್ನ ಗಾಡಿಯಲ್ಲಿ ಅದು ಹಣ್ಣು ಸೀಳಿಕೊಂಡು ಹುಲ್ಲಿಗೆ ಮುಟ್ಟುತ್ತಿತ್ತು, ಅಷ್ಟೇ. ತೂತು ಬಿದ್ದ ಹಣ್ಣು ಪೇಟೆ ಮುಟ್ಟುವುದರೊಳಗೆ ರಸ ಬಿಟ್ಟು, ಹುಳಿತು, ಬಗಲಿನ ಹಣ್ಣನ್ನೂ ಕೆಡಿಸುತ್ತಿತ್ತು. ಅಲ್ಲಿಯ ವ್ಯಾಪಾರಿ ತಾಡಪತ್ರಿ ಸರಿಸಿ ಮೂಸಿ ನೋಡಿಯೇ ಮುಖ ಕಿವುಚುತ್ತಿದ್ದ. ಇನ್ನೊಂದು ಹಂಗಾಮು ಹೀಗೇ ಆದರೆ ಬೇರೆ ಕಡೆಯ ಮಾಲು ನೋಡಿಕೊಳ್ಳುತ್ತೇನೆ ಎಂದೂ ಹೇಳಿದ್ದ.

ಸಿದ್ದಾಪುರದ ಬಾಳೆಕಾಯಿ ಗಾಡಿಯವನೊಬ್ಬ ಸರದಿಯಲ್ಲಿ ಹೆಚ್ಚುಕಡಿಮೆ ನನ್ನ ಹಿಂದೆಯೇ ಇರುತ್ತಿದ್ದ. ಅವನು ನಗುತ್ತಿದ್ದ.

"ಎಂತದಾ ಮಾರಾಯ, ನಾಕು ಒಳ್ಳೆ ಹಣ್ಣು ಆ ಮೇಜಿನ ಮೇಲೆ ಇಟ್ರೆ ನಿನ್ ಗಂಟು ಹೋಗ್ತದಾ? ಸಲಾಕೆ ತನ್ನಷ್ಟಕ್ಕೇ ಸಣ್ಣ ಆಗ್ತದೆ."

"ಕದ್ದ ಮಾಲಿದ್ದವ ಇಡ್ಲಿ. ನಾ ಯಾಕ ಇಡ್ಲಿ?"

"ಹಂಗಾರೆ ನಿಂತ್ಕ. ಸತ್ಯವಂತ ಹೇಳಿ ನಿಂಗೆ ಇಲ್ಲೇ ಒಂದು ಕಟ್ಟೆ ಕಟ್ಟಿಸ್ವ."

ಹೀಗಿರುವಾಗ ನಾಕಾಕ್ಕೆ ಹೊಸ ಸಾಹೇಬರು ಬಂದರು. ಹೆಂಗಸು, ಉತ್ತರದ ಯಾವುದೋ ರಾಜ್ಯದವರು, ಖಾಕಿ ಪ್ಯಾಂಟು ಹಾಕುತ್ತಿದ್ದರು. ಕನ್ನಡವನ್ನು ಪುಸ್ತಕ ನೋಡಿ ಕಲಿತಿದ್ದರು. ಬಂದ ವರ್ಷವೇ ಒಂದು ಹೊಸ ಪದ್ಧತಿ ತಂದರು. ಹಣ್ಣು, ಹೂವು, ತರಕಾರಿ ಸಾಗಿಸುವ ಕಾಯಂ ಗಾಡಿಯವರು ಅರ್ಜಿ ಹಾಕಬಹುದು. ಪೊಲೀಸ್ ಠಾಣೆಯ ದಾಖಲೆ ತರಬೇಕು. ಸಾಹೇಬರೇ ಮನೆಗೆ ಬಂದು ವಿಚಾರಣೆ ಮಾಡುತ್ತಾರೆ. ನಂಬಿಕಸ್ಥ ಎಂದು ಕಂಡರೆ ಗಾಡಿಯ ಗಾಜಿಗೆ ಹಸಿರು ಕಾರ್ಡು ಹಚ್ಚುತ್ತಾರೆ. ಕಾರ್ಡು ಇದ್ದವರಿಗೆ ಸರದಿಯೂ ಇಲ್ಲ, ಸಲಾಕೆಯೂ ಇಲ್ಲ.

ನನಗೆ ಬೇಕಾದದ್ದು ಅದೇ. ಏನನ್ನೂ ಕೊಡದೆ, ನೆಟ್ಟಗೆ ದಾಟಿ ಹೋಗುವ ದಾರಿ. ಅರ್ಜಿಯನ್ನು ನಾನೇ ಬರೆದೆ. ಅಕ್ಷರ ದೊಡ್ಡದಾಯಿತು, ಆದರೆ ಬೇರೆಯವರಿಂದ ಬರೆಸಲಿಲ್ಲ.

ಸಾಹೇಬರು ಜೀಪಿನಲ್ಲಿ ನಮ್ಮೂರಿಗೆ ಬಂದರು. ಗಾಡಿ ನೋಡಿದರು, ಕೊಟ್ಟಿಗೆ ನೋಡಿದರು, ಹಿತ್ತಿಲಲ್ಲಿ ಒಟ್ಟಿದ್ದ ಸೌದೆಯನ್ನೂ ಬಿಡಲಿಲ್ಲ. ಎಷ್ಟು ಓದಿದ್ದೀರಿ, ಯಾರ ಹಣ್ಣು ಒಯ್ಯುತ್ತೀರಿ, ಬರುವಾಗ ಗಾಡಿಯಲ್ಲಿ ಏನು ತರುತ್ತೀರಿ ಎಂದು ಒಂದೊಂದೇ ಕೇಳಿದರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನನ್ನ ಹೆಂಡತಿ ಚಹಾ ತಂದರೆ ನೀರು ಸಾಕು ಅಂದರು. ಹೊರಡುವಾಗ, "ನಿಮ್ಮದು ಆಗಬಹುದು" ಎಂದರು. ನಾನು ಜೀಪಿನ ತನಕ ಹೋಗಿ ಕೈಮುಗಿದು ಬಂದೆ.

ಮುಂದಿನ ಲೋಡು ತೆಗೆದುಕೊಂಡು ಹೋದಾಗ ಗಾರ್ಡು ನನ್ನ ಮುಖ ನೋಡಿ ತಲೆಯಾಡಿಸಿದ. "ನಿಮ್ಮ ಅರ್ಜಿ ಬದಿಗಿಟ್ಟಾರ. ರೊಕ್ಕಾ, ಸಾಮಾನು ಕೊಟ್ಟು ಒಲಿಸಾಕ ನೋಡಿದ್ರಿ ಅಂತ."

ಸಲಾಕೆ ಆ ದಿನ ಎಷ್ಟು ಸಲ ಇಳಿಯಿತೋ ನಾನು ನೋಡಲಿಲ್ಲ. ನನ್ನ ಕಣ್ಣು ನೆಲದಲ್ಲಿತ್ತು. ಹಿಂದಿನ ಗಾಡಿಯಿಂದ ಸಿದ್ದಾಪುರದವನು, ಯಾವತ್ತೂ ನಗುವವನು, ಅವತ್ತು ನಗಲಿಲ್ಲ. ಅದೇ ಹೆಚ್ಚು ನೋವಾಯಿತು.

ಮನೆಗೆ ಬಂದು ಕೇಳಿದಾಗ ಹೆಂಡತಿ ಒಲೆಯ ಮುಂದಿನಿಂದ ಎದ್ದೇ ಬಂದಳು.

"ಉಡಿ ತುಂಬೇನಿ. ಮುತ್ತೈದಿ ಮೊದಲನೇ ಸಲ ಮನಿಗೆ ಬಂದಾಳ, ಬರೇ ಉಡೀಲೆ ಕಳಸೂದು ಎಲ್ಲರೆ ಐತೇನು? ಪ್ಯಾಂಟು ಹಾಕಿದ್ರು, ಸೆರಗಿಲ್ಲ. ಅದಕ್ಕ ವಸ್ತ್ರದಾಗ ಗಂಟು ಕಟ್ಟಿ, ನೀವು ಹಿತ್ತಲಾಗ ಇದ್ದಾಗ ಜೀಪಿನ ಹಿಂದಿನ ಸೀಟಿನ ಮ್ಯಾಲೆ ಇಟ್ಟೆ."

ಅಕ್ಕಿ, ತೆಂಗಿನಕಾಯಿ, ಅರಿಶಿನದ ಕೊಂಬು, ಕುಪ್ಪಸದ ಕಣ, ಎಲೆ ಅಡಿಕೆ, ಅದರ ಮೇಲೆ ಹತ್ತು ರೂಪಾಯಿಯ ಒಂದು ನೋಟು. ನಮ್ಮ ಕಡೆ ತಂಗಿ ಬಂದರೂ, ನೆಂಟರ ಸೊಸೆ ಬಂದರೂ ಹೀಗೇ. ಸಾಹೇಬರ ಕಡೆಯ ಜನರಲ್ಲಿ ಅದು ಹೇಗೆ ಕಾಣುತ್ತದೆ ಎಂದು ಇವಳಿಗೆ ಯಾರು ಹೇಳಬೇಕು?

"ನಾಲ್ಕು ಹಣ್ಣು ಇಡಲಿಲ್ಲ ಅಂತ ಇಷ್ಟು ವರ್ಷ ಬಿಸಲಾಗ ನಿಂತೆ," ಅಂದೆ. "ನೀ ಒಂದ ಗಂಟಿನ್ಯಾಗ ಎಲ್ಲಾ ಮುಗಿಸಿದಿ."

"ಉಡಿ ಅಂದ್ರ ಲಂಚ ಅಂತ ತಿಳದಾರಂದ್ರ, ತಿಳಿಸಿ ಹೇಳೂದು ನನ್ನ ಕೆಲಸ. ನಾಳಿ ನಾನೂ ಬರ್ತೇನಿ."

ಮರುದಿನ ಹಣ್ಣು ಹೇರಿಕೊಂಡು ಹೊರಟಾಗ ಅವಳು ಮುಂದಿನ ಸೀಟಿನಲ್ಲಿ ಕುಳಿತು ಬಂದಳು.

ಸಾಹೇಬರು ನಮ್ಮನ್ನು ಒಳಗೆ ಕರೆದರು. ಗಂಟು ಬಿಚ್ಚದೆ ಕಪಾಟಿನ ಮೇಲೆ ಹಾಗೇ ಇತ್ತು.

ನಾನೇ ಮೊದಲು ಮಾತಾಡಿದೆ. "ಕಾರ್ಡು ಕೊಡ್ರಿ, ಬಿಡ್ರಿ. ನನ್ನ ಗಾಡಿ ತಳದ ತನಕ ಬಿಚ್ಚಿಸಿ ನೋಡ್ರಿ, ಪ್ರತಿ ಸಲ ನೋಡ್ರಿ. ಆದ್ರ ಲಂಚ ಕೊಟ್ಟಾನ ಅನ್ನೂದು ಮಾತ್ರ ನನ್ನ ಹೆಸರಿನ ಮುಂದ ಇರಬಾರದು."

ಹೆಂಡತಿ ಉಡಿ ಎಂದರೇನು, ಯಾರಿಗೆ ತುಂಬುತ್ತಾರೆ, ಯಾಕೆ ತುಂಬುತ್ತಾರೆ ಎಂದು ಹೇಳಿದಳು. ಬಾಗಿಲಲ್ಲಿದ್ದ ಗಾರ್ಡು, "ಹೌದ್ರಿ, ನಮ್ಮಲ್ಲೂ ಐತಿ" ಅಂದ. ಸಾಹೇಬರು ಗಂಟನ್ನು ಕಪಾಟಿನಿಂದ ಇಳಿಸಿ ಮೇಜಿನ ಮೇಲಿಟ್ಟು, "ನನಗೆ ತಿಳಿದಿರಲಿಲ್ಲ. ಆದರೆ ಇದನ್ನು ಇಟ್ಟುಕೊಳ್ಳಲು ನನಗೆ ಅನುಮತಿ ಇಲ್ಲ. ತಿರುಗಿ ತೆಗೆದುಕೊಂಡು ಹೋಗಿ. ನಾನು ಬರೆದದ್ದನ್ನು ಹೊಡೆದು ಹಾಕುತ್ತೇನೆ" ಎಂದರು.

ನಾನು ಕೈ ಚಾಚಿಯೇ ಬಿಟ್ಟಿದ್ದೆ. ಹೆಂಡತಿ ನನ್ನ ಕೈಗೆ ಅಡ್ಡ ಬಂದಳು.

"ಕೊಟ್ಟ ಉಡಿ ತಿರುಗಿ ಒಯ್ಯಬಾರದು. ನಮಗೂ ಛಲೋ ಅಲ್ಲ, ಅಕ್ಕಾರ ಮನಿಗೂ ಛಲೋ ಅಲ್ಲ."

ಸಾಹೇಬರು ಇಟ್ಟುಕೊಳ್ಳುವ ಹಾಗಿಲ್ಲ, ಇವಳು ಒಯ್ಯುವ ಹಾಗಿಲ್ಲ. ಹೊರಗೆ ಗಾಡಿಗಳು ಹಾರ್ನು ಹೊಡೆಯುತ್ತಿದ್ದವು. ಕಿಟಕಿಯ ಹತ್ತಿರ ಸಿದ್ದಾಪುರದವನ ಮುಖ ಕಂಡಿತು. ನನ್ನ ಕಾರ್ಡು ಹೋಯಿತು ಅಂದುಕೊಂಡೆ.

ಆಗ ಅವಳು ತಲೆಯ ಮೇಲೆ ಸೆರಗು ಸರಿಮಾಡಿಕೊಂಡು, ಅದರ ತುದಿಯನ್ನು ಎರಡೂ ಕೈಯಲ್ಲಿ ಚಾಚಿ ನಿಂತಳು. "ತಿರುಗಿ ಕೊಡಬ್ಯಾಡ್ರಿ, ಅಕ್ಕಾರ. ನನ್ನ ಉಡಿ ನೀವು ತುಂಬ್ರಿ. ನಾನೂ ನಿಮ್ಮ ಬಾಗಿಲಿಗೆ ಮೊದಲನೇ ಸಲ ಬಂದೇನಿ."

ಸಾಹೇಬರು ಗಾರ್ಡಿನ ಕಡೆ ನೋಡಿದರು. ಗಾರ್ಡು ಛಾವಣಿ ನೋಡಿದ. ಕೊನೆಗೆ ಅವರು ಟೋಪಿ ತೆಗೆದು ಮೇಜಿನ ಮೇಲಿಟ್ಟು, ಗಂಟು ಬಿಚ್ಚಿದರು. ಹೇಗೆ ಎಂದು ಕೇಳಿದರು. ಮೊದಲು ಅಕ್ಕಿ, ಆಮೇಲೆ ಕಾಯಿ ಎಂದು ಇವಳು ಹೇಳಿಕೊಟ್ಟಳು. ಅಕ್ಕಿ ಹಾಕುವಾಗ ಸಾಹೇಬರ ಕೈಯಿಂದ ನಾಲ್ಕು ಕಾಳು ನೆಲಕ್ಕೆ ಬಿದ್ದವು. ನೋಟನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದು ಎಲ್ಲದರ ಮೇಲೆ ಇಟ್ಟರು. ಎಲ್ಲ ಮುಗಿದ ಮೇಲೆ ಹೆಂಡತಿ ತನ್ನ ಉಡಿಯಿಂದ ಐದು ಕಾಳು ಅಕ್ಕಿ ತೆಗೆದು ಅವರ ಅಂಗೈಯಲ್ಲಿಟ್ಟಳು. "ಇಷ್ಟರೆ ಉಳಿಬೇಕು."

"ಇದನ್ನೂ ಬರೆಯಬೇಕೇ?" ಎಂದು ಸಾಹೇಬರು ನಕ್ಕರು. ಅವರು ನಕ್ಕದ್ದನ್ನು ನಾನು ಮೊದಲು ನೋಡಿದ್ದು ಅವತ್ತೇ.

"ನಾ ನಾಕು ಹಣ್ಣು ಇಡು ಅಂದಿದ್ದೆ," ಎಂದು ಕಿಟಕಿಯಿಂದ ಸಿದ್ದಾಪುರದವನು ಅಂದ. "ಇಂವ ಐದು ಕಾಳಲ್ಲೇ ಮುಗಿಸಿಬಿಟ್ಟ."

ಕಾರ್ಡು ಅವತ್ತೇ ಕೊಡಲಿಲ್ಲ. ಗಾಡಿಯನ್ನು ತಳದ ತನಕ ಬಿಚ್ಚಿಸಿದರು. ಸಲಾಕೆ ಇಲ್ಲದೆ, ಸಾಹೇಬರೇ ನಿಂತು ನೋಡಿದರು. ನಾನೇ ಕೇಳಿಕೊಂಡದ್ದಲ್ಲವೇ? ಮತ್ತೆ ಜೋಡಿಸುವಾಗ ಹೆಂಡತಿಯೂ ಹಣ್ಣು ಕೊಟ್ಟಳು. ಅವಳ ಕೈಗೆ ಮೊದಲ ಸಲ ಒಂದು ಸಾಲು ಬಿಟ್ಟುಕೊಟ್ಟೆ. ಕೆಟ್ಟದಾಗಿರಲಿಲ್ಲ.

ಕೆಲವು ವಾರಗಳ ಮೇಲೆ ಹಸಿರು ಕಾರ್ಡು ಬಂತು. ಮೊದಲ ದಿನ ಅಭ್ಯಾಸಬಲದಿಂದ ಗಾಡಿ ನಿಲ್ಲಿಸಿ, ಇಳಿದು, ಹಗ್ಗ ಬಿಚ್ಚಲು ಶುರುಮಾಡಿದ್ದೆ. "ಏ, ನಡೀರಿ, ಹಿಂದಿನವ್ರಿಗೆ ದಾರಿ ಬಿಡ್ರಿ" ಎಂದು ಗಾರ್ಡು ಗದರಿಸಿದ. ಅಂಥ ಬೈಗುಳ ಎಷ್ಟಾದರೂ ಕೇಳಬಹುದು.

ಪೇಟೆಯಲ್ಲಿ ವ್ಯಾಪಾರಿ ತಾಡಪತ್ರಿ ಸರಿಸಿ ಮೂಸಿದ. ಮುಖ ಕಿವುಚದೆ ಇಳಿಸಲು ಕೈ ತೋರಿಸಿದ. ಎಲ್ಲ ಇಳಿದ ಮೇಲೆ ನಾನು ತಳದ ಹುಲ್ಲಿಗೆ ಕೈ ಹಚ್ಚಿ ನೋಡಿದೆ. ಯಾವಾಗಲೂ ರಸ ಕುಡಿದು ಹುಳಿ ನಾತ ಹೊಡೆಯುವ ಹುಲ್ಲನ್ನು ಅಲ್ಲೇ ಎಸೆದು ಬರುತ್ತಿದ್ದೆ. ಅವತ್ತು ಗರಿಗರಿ ಒಣಗಿತ್ತು. ಕಟ್ಟು ಕಟ್ಟಿ ಮನೆಗೆ ತಂದೆ.

ಹೆಂಡತಿ ಮುಷ್ಟಿಯಲ್ಲಿ ಹಿಡಿದು ನೋಡಿದಳು. ಹೋಗಿ ಎಮ್ಮೆಯ ಮುಂದೆ ಹಾಕಿದಳು.