ಅಕ್ಕ ‘ಹೊರಗೆ’ ಇದ್ದ ದಿನ

ನಾನು ಚಿಕ್ಕವನಿದ್ದಾಗ ಮಾನ್ವಿಯ ನಮ್ಮ ಮನೆಯಲ್ಲಿ ‘ಹೊರಗೆ’ ಎಂಬ ಮಾತಿಗೆ ಎರಡು ಅರ್ಥಗಳಿದ್ದವು. ಒಂದು, ನಿಮಗೆ ಗೊತ್ತಿರುವ ಹೊರಗೆ. ಇನ್ನೊಂದು, ಹಿತ್ತಲಿನ ಚಿಕ್ಕ ಕೋಣೆ. ಮುಟ್ಟಾದ ಹೆಣ್ಣುಮಕ್ಕಳು ಮೂರು ದಿನ ಅಲ್ಲಿಯೇ ಇರಬೇಕು. ಅವರನ್ನು ಯಾರೂ ಮುಟ್ಟಬಾರದು.

ಆ ದಿನ ಅಕ್ಕ ಹೊರಗಿದ್ದಳು. ಅವಳಿಗೆ ಹದಿನಾಲ್ಕು, ನನಗೆ ಏಳು. ಬೆಳಿಗ್ಗೆಯೇ ಹಿತ್ತಲಿನ ಕಲ್ಲು ಕಾದು ಅಂಗಾಲು ಸುಡುತ್ತಿತ್ತು. ತಂಬಿಗೆಯನ್ನು ಎತ್ತರಕ್ಕೆ ಹಿಡಿದು ಅವಳ ಬೊಗಸೆಗೆ ನೀರು ಹೊಯ್ದೆ. ನೀರು ಬೆರಳ ಸಂದಿಯಿಂದ ಸೋರಿಹೋಯಿತು, ಅವಳು ಕುಡಿಯಲಿಲ್ಲ. ಮೊಣಕಾಲು ಮಡಚಿ, ಹೊಟ್ಟೆಯ ಬಲಗಡೆ ಒತ್ತಿ ಹಿಡಿದು ಚಾಪೆಗೆ ಒರಗಿದಳು.

“ತಮ್ಮಾ, ಇದು ಯಾವಾಗ್ಲೂ ಬರೋ ನೋವಲ್ಲೋ. ಡಾಕ್ಟರ್ ಬಂದ್ರ ಹೇಳು,” ಅಂದಳು.

ಜ್ವರ, ಹೊಟ್ಟೆನೋವು ಎಂದು, ಮಾಸ್ತರನಾಗಿದ್ದ ಅಪ್ಪ ಶಾಲೆಗೆ ಹೋಗುವಾಗ ಊರಿನ ಹಿರಿಯ ಡಾಕ್ಟರಿಗೆ ತಿಳಿಸಿದ್ದ. ಅವರ ಕೈಕೆಳಗೆ ಹೈದರಾಬಾದಿನಿಂದ ಬಂದ ತರುಣನೊಬ್ಬ ಕಲಿಯುತ್ತಿದ್ದ. ಮನೆಮನೆಗೆ ಹೋಗಿ ರೋಗಿಯನ್ನು ನೋಡಿ, ಕಂಡದ್ದನ್ನೆಲ್ಲ ಬಂದು ಹೇಳುವುದೇ ಅವನ ಪಾಠ. ಮನೆಮಾತು ಉರ್ದು; ಕನ್ನಡ ಆಗಷ್ಟೇ ಕಲಿತದ್ದು.

ಅವನು ಚರ್ಮದ ಚೀಲ ಹಿಡಿದು ಹೊಸ್ತಿಲಲ್ಲಿ ನಿಂತ. “ಹುಡುಗಿ ಎಲ್ಲಿ ಅದಾಳ್ರೀ, ಅಜ್ಜಿ?”

“ಆಕಿ ಹೊರಗ ಅದಾಳ. ನಾಲ್ಕನೇ ದಿನಕ್ಕ ಬರ್ರಿ.”

“ಹೊರಗ? ಅಚ್ಛಾ, ಚಲೋ ಆತ್ರೀ!” ಅವನ ಮುಖ ಅರಳಿತು. ಪುಸ್ತಕದಲ್ಲಿ ಏನೋ ಬರೆದುಕೊಂಡು ಹೊರಟ.

“ಇದರಾಗ ಚಲೋ ಏನದನೋ ಯಪ್ಪಾ! ಡಾಕ್ಟರೋ, ಬೀಗರ ಮನಿಗೆ ಬಂದವನೋ?” ಅಜ್ಜಿ ಗೊಣಗಿದಳು.

ನಾನು ಕಂಬ ಹಿಡಿದು ಅಲ್ಲೇ ನಿಂತಿದ್ದೆ. ಅಕ್ಕನ ಮಾತು ನಾಲಿಗೆಯ ಮೇಲಿತ್ತು. ಆ ವಿಷಯ ಗಂಡುಮಕ್ಕಳು ಆಡಬಾರದೆಂದು ಅಜ್ಜಿ ಹೇಳಿದ್ದಳು. ನಾನು ಆಡಲಿಲ್ಲ. ಅವನ ಸೈಕಲ್ ಗಂಟೆ ಓಣಿಯ ತಿರುವಿನಲ್ಲಿ ಒಮ್ಮೆ ಕೇಳಿಸಿತು, ಅಷ್ಟೇ.

ಮಧ್ಯಾಹ್ನ ಹಿತ್ತಲಿನ ನರಳಾಟ ನಿಂತಿತು. ಅವ್ವ ದೇವರಿಗೆ ಕೈಮುಗಿದಳು. ಬೇವಿನ ಎಲೆಯೂ ಅಲುಗುತ್ತಿರಲಿಲ್ಲ.

ಹೊತ್ತು ಇಳಿಯುವಾಗ ಹಿರಿಯ ಡಾಕ್ಟರ್ ಟಾಂಗಾದಿಂದ ಇಳಿದರು. ಹಿಂದೆ ಆ ತರುಣ, ತಲೆ ತಗ್ಗಿಸಿಕೊಂಡು. “ಹೊರಗ ಅಂದ್ರ ಎಲ್ಲಿ ಅಂತ ಕೇಳಿದೇನು? ಜ್ವರದ ಹುಡುಗಿ ಬಿಸಲಾಗ ಅಡ್ಡಾಡತಾಳೇನು?” ಎನ್ನುತ್ತಲೇ ಅವರು ನೆಟ್ಟಗೆ ಹಿತ್ತಲಿಗೆ ನಡೆದರು.

ಅಜ್ಜಿ ಅಡ್ಡ ಬಂದಳು. “ಮುಟ್ಟಬ್ಯಾಡ್ರಿ! ಈಗ ನೋವು ನಿಂತದ.”

ಡಾಕ್ಟರ ಮುಖ ಕಪ್ಪಿಟ್ಟಿತು. “ನಿಂದ್ರಬಾರದಿತ್ತು, ಯವ್ವಾ,” ಎಂದರು.

ಅಕ್ಕನ ಹೊಟ್ಟೆ ಹಲಗೆಯಂತೆ ಗಟ್ಟಿಯಾಗಿತ್ತು. ಕರುಳಿನ ಬಾವು ಒಳಗೇ ಒಡೆದಿತ್ತೆಂದು ಅಪ್ಪ ಆಮೇಲೆ ಹೇಳಿದ. ಆ ತರುಣನೇ ಅವಳನ್ನು ಎತ್ತಿ ಟಾಂಗಾದಲ್ಲಿ ಮಲಗಿಸಿದ. ಅವಳನ್ನು ರಾಯಚೂರಿನ ಆಸ್ಪತ್ರೆಗೆ ಒಯ್ದರು. ಅಲ್ಲಿಂದ ಅಕ್ಕ ಮರಳಲಿಲ್ಲ.

ಮುಂದೆ ಅವನು ಯಾರ ಮನೆಗೆ ಹೋದರೂ ಮೊದಲು ಕೇಳುತ್ತಿದ್ದ ಮಾತು ಒಂದೇ: “ಹೊರಗ ಯಾರರ ಅದಾರೇನ್ರೀ?”

ಈಗ ನಮ್ಮ ಮನೆಯಲ್ಲಿ ಅಂಥ ಕೋಣೆಯಿಲ್ಲ. ಪುಟ್ಟೀ, ಆ ದಿನಗಳಲ್ಲಿ ನೀನು ಸೋಫಾದ ಮೇಲೆ ಹೊರಳಾಡುತ್ತ, “ಅಜ್ಜಾ, ಹೊಟ್ಟಿ ನೋಯಾಕತ್ತದ!” ಎಂದು ಓಣಿಗೆಲ್ಲ ಕೇಳುವಂತೆ ಕೂಗುತ್ತೀ. ನಿನ್ನ ತಮ್ಮ ಓಡಿಬಂದು ಅದನ್ನೇ ಇನ್ನೂ ಜೋರಾಗಿ ನನ್ನ ಕಿವಿಯಲ್ಲಿ ಹೇಳುತ್ತಾನೆ. ಇಷ್ಟು ಗದ್ದಲ ಯಾಕೆಂದು ನಿಮ್ಮವ್ವ ಗದರುತ್ತಾಳೆ.

ನಾನು ಗದರುವುದಿಲ್ಲ.